ಹದಿನೆಂಟನೆಯ ನಂಬರಿನ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಕನ್ನಡದ ಹಳೆಯ ಗಾದೆ. ಆ ಎರಡು ಕಷ್ಟಗಳ ಪಕ್ಕದಲ್ಲಿ ಮೂರನೆಯದೊಂದನ್ನು ಸೇರಿಸಿದರೆ ತಪ್ಪಾಗಲಾರದು: ಮನೆ ಉಳಿಸಿ ನೋಡು. ಅರಮನೆಗೆ ಅರಸನ ಹೆಸರಿನ ಕಾವಲಿರುತ್ತದೆ. ದೇಗುಲಕ್ಕೆ ಭಕ್ತರ ಕಾವಲಿರುತ್ತದೆ. ಕೋಟೆಗೆ ಅದರ ಕಲ್ಲೇ ಕಾವಲು. ಸಂಸಾರವೊಂದು ಉಂಡು ಉಟ್ಟು, ಮುನಿದು ನಕ್ಕು, ಮಕ್ಕಳನ್ನು ಬೆಳೆಸಿ ಬಾಳಿದ ಪೇಟೆಯ ಮನೆಗೆ ಯಾರ ಕಾವಲಿದೆ? ಯಜಮಾನ ಕಣ್ಣು ಮುಚ್ಚಿದ ಕೆಲವೇ ದಿನಗಳಲ್ಲಿ ಗೋಡೆಗೆ ಬೇರೆ ಬಣ್ಣ ಬೀಳುತ್ತದೆ. ಮಂಚ ಕಪಾಟುಗಳು ಹಳೆಯ ಸಾಮಾನಿನ ಅಂಗಡಿ ಸೇರುತ್ತವೆ. ಕಾಗದಪತ್ರಗಳ ಕಂತೆ ಒಲೆಯ ಪಾಲಾಗುತ್ತದೆ. ಒಂದು ತಲೆಮಾರು ಕಳೆಯುವ ಹೊತ್ತಿಗೆ ಅಲ್ಲಿ ಯಾರಿದ್ದರು, ಹೇಗಿದ್ದರು ಎಂಬುದಕ್ಕೆ ಗುರುತೇ ಉಳಿಯುವುದಿಲ್ಲ.

ಈ ನಿಯಮಕ್ಕೆ ಹೊರತಾದ ಮನೆಯೊಂದು ಲಂಡನ್ ಮಹಾನಗರದಲ್ಲಿದೆ. ನಗರದ ಪಶ್ಚಿಮ ಭಾಗದ ಕೆನ್ಸಿಂಗ್‌ಟನ್ ಬಡಾವಣೆಯಲ್ಲಿ, ಅಂಗಡಿ ಸಾಲುಗಳ ಗದ್ದಲದ ಹೆದ್ದಾರಿಯಿಂದ ಕೊಂಚ ಒಳಕ್ಕೆ ಸರಿದರೆ, ಸ್ಟಾಫರ್ಡ್ ಟೆರೇಸ್ ಎಂಬ ಬೀದಿ ಸಿಗುತ್ತದೆ. ಒಂದರ ಭುಜಕ್ಕೊಂದು ಭುಜ ತಾಗಿಸಿ ನಿಂತ ಎತ್ತರದ ಸಾಲುಮನೆಗಳು. ಎಲ್ಲಕ್ಕೂ ಒಂದೇ ಅಚ್ಚು, ಒಂದೇ ನಿಲುವು. 1870ರ ಸುಮಾರಿನಲ್ಲಿ ಎದ್ದ ಈ ಸಾಲಿನಲ್ಲಿ ಹದಿನೆಂಟನೆಯ ನಂಬರಿನ ಮನೆಯನ್ನು ಹೊರಗಿನಿಂದ ನೋಡಿದವರಿಗೆ ಅದರ ವೈಶಿಷ್ಟ್ಯ ತಿಳಿಯದು. ಬಾಗಿಲು ದಾಟಿ ಒಳಗೆ ಕಾಲಿಟ್ಟವರು ಮಾತ್ರ ಒಂದು ಕ್ಷಣ ಬೆರಗಾಗಿ ನಿಲ್ಲುತ್ತಾರೆ. ಹೊರಗೆ ಇಪ್ಪತ್ತೊಂದನೆಯ ಶತಮಾನದ ಮೋಟಾರುಗಳು ಓಡುತ್ತಿದ್ದರೆ, ಒಳಗೆ ವಿಕ್ಟೋರಿಯಾ ರಾಣಿಯ ಕಾಲ ಕುರ್ಚಿ ಎಳೆದುಕೊಂಡು ಕುಳಿತಿದೆ.

ಹಳೆಯ ಕಾಲವನ್ನು ತೋರಿಸಲೆಂದು ಆಮೇಲೆ ಅಲ್ಲಿ ಇಲ್ಲಿ ಸಾಮಾನು ಕೊಂಡು ತಂದು ಜೋಡಿಸಿದ ಪ್ರದರ್ಶನವಲ್ಲ ಇದು. ಆ ಮನೆಯವರೇ ಕೊಂಡ ಕುರ್ಚಿ, ಅವರೇ ತೂಗುಹಾಕಿದ ಚಿತ್ರ, ಅವರೇ ಊಟ ಮಾಡಿದ ಕೋಣೆ. ಬಹುಪಾಲು ಎಲ್ಲವೂ ಇದ್ದಂತೆಯೇ ಇದೆ. ಇಂಥ ಮನೆಗಳು ಲಂಡನ್ನಿನಲ್ಲಿ ಒಂದು ಕಾಲಕ್ಕೆ ಸಾವಿರಗಟ್ಟಲೆ ಇದ್ದುವು. ಈ ಪರಿಯಲ್ಲಿ ಉಳಿದು ಬಂದುವು ಬೆರಳೆಣಿಕೆಗೂ ಸಾಲವು. ಈ ಒಂದು ಮನೆ ಮಾತ್ರ ಹೇಗೆ ಉಳಿಯಿತು? ಅದರ ಕಥೆ ಒಂದು ಮದುವೆಯಿಂದ ಆರಂಭವಾಗುತ್ತದೆ.

ನಗೆಪತ್ರಿಕೆಯ ಚಿತ್ರಗಾರ

ಎಡ್ವರ್ಡ್ ಲಿನ್ಲಿ ಸ್ಯಾಂಬೋರ್ನ್ 1844ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ. ತಂದೆಗೆ ತುಪ್ಪುಳ ಚರ್ಮದ ವ್ಯಾಪಾರ. ಹದಿನಾರನೆಯ ವಯಸ್ಸಿಗೆ ಹುಡುಗನನ್ನು ಗ್ರೀನಿಚ್‌ನಲ್ಲಿದ್ದ ಹಡಗಿನ ಯಂತ್ರಗಳ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿಯಲು ಬಿಟ್ಟರು. ಯಂತ್ರದ ನಕ್ಷೆ ಬರೆಯಬೇಕಾದ ಕೈ ಬಿಡುವಾದಾಗಲೆಲ್ಲ ನಗೆಚಿತ್ರಗಳನ್ನು ಬರೆಯುತ್ತಿತ್ತು. ಅಂಥದೊಂದು ಚಿತ್ರ ಹೇಗೋ ‘ಪಂಚ್’ ವಾರಪತ್ರಿಕೆಯ ಸಂಪಾದಕ ಮಾರ್ಕ್ ಲೆಮನ್‌ನ ಕಣ್ಣಿಗೆ ಬಿತ್ತು. 1867ರಲ್ಲಿ ಸ್ಯಾಂಬೋರ್ನನ ಮೊದಲ ಚಿತ್ರ ಆ ಪತ್ರಿಕೆಯಲ್ಲಿ ಅಚ್ಚಾಯಿತು. ಅಲ್ಲಿಂದ ಮುಂದಕ್ಕೆ ನಾಲ್ವತ್ತು ವರ್ಷಗಳಿಗೂ ಮೀರಿ ಆತ ಆ ಪತ್ರಿಕೆಯನ್ನು ಬಿಡಲಿಲ್ಲ.

‘ಕೊರವಂಜಿ’ಯನ್ನು ಓದಿ ನಕ್ಕ ಕನ್ನಡಿಗರಿಗೆ ನಗೆಪತ್ರಿಕೆಯ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. 1841ರಲ್ಲಿ ಹುಟ್ಟಿದ ‘ಪಂಚ್’ ಇಂಗ್ಲೆಂಡಿನ ಮಂತ್ರಿಗಳಿಂದ ಹಿಡಿದು ಗೃಹಿಣಿಯರವರೆಗೆ ಎಲ್ಲರೂ ಓದುತ್ತಿದ್ದ ಪತ್ರಿಕೆ. ಪ್ರತಿ ಬುಧವಾರ ರಾತ್ರಿ ಅದರ ಬರೆಹಗಾರರೂ ಚಿತ್ರಗಾರರೂ ಒಂದು ದೊಡ್ಡ ಮೇಜಿನ ಸುತ್ತ ಊಟಕ್ಕೆ ಸೇರುತ್ತಿದ್ದರು. ಮುಂದಿನ ಸಂಚಿಕೆಯ ರಾಜಕೀಯ ಚಿತ್ರದ ವಿಷಯ ಅಲ್ಲಿ ತೀರ್ಮಾನವಾಗುತ್ತಿತ್ತು. ಆಮೇಲೆ ಚಿತ್ರಗಾರನಿಗೆ ಸಿಗುತ್ತಿದ್ದುದು ಸುಮಾರು ಎರಡು ದಿನ. ಶುಕ್ರವಾರ ರಾತ್ರಿಯೊಳಗೆ ಚಿತ್ರ ಕೈಸೇರಲೇಬೇಕು. ಜ್ವರವೇ ಬರಲಿ, ಮನೆಯಲ್ಲಿ ಹಬ್ಬವೇ ಇರಲಿ, ವಾರಪತ್ರಿಕೆಗೆ ಅದೊಂದೂ ತಿಳಿಯದು.

ಸ್ಯಾಂಬೋರ್ನ್ ಬರೆದ ಚಿತ್ರಗಳಲ್ಲಿ ಒಂದು ಜಗತ್ತಿನ ಇತಿಹಾಸದ ಪುಸ್ತಕಗಳಲ್ಲೆಲ್ಲ ಸೇರಿಹೋಗಿದೆ. 1892ರ ಡಿಸೆಂಬರಿನಲ್ಲಿ ಪ್ರಕಟವಾದ ಆ ಚಿತ್ರದಲ್ಲಿ ಸೆಸಿಲ್ ರೋಡ್ಸ್ ಎಂಬ ಸಾಮ್ರಾಜ್ಯವಾದಿ ದೈತ್ಯಾಕಾರನಾಗಿ ಆಫ್ರಿಕ ಖಂಡದ ಮೇಲೆ ನಿಂತಿದ್ದಾನೆ. ಒಂದು ಕಾಲು ದಕ್ಷಿಣದ ತುದಿಯಲ್ಲಿ, ಇನ್ನೊಂದು ಕೈರೋ ನಗರದಲ್ಲಿ. ಕೈಯಲ್ಲಿ ತಂತಿ ಸಮಾಚಾರದ ತಂತಿ. ವಸಾಹತುಶಾಹಿಯ ದುರಾಸೆಯನ್ನು ಇಷ್ಟು ಕಡಮೆ ಗೆರೆಗಳಲ್ಲಿ ಹೇಳಿದ ಚಿತ್ರ ಅಪರೂಪ. ‘ಆಲಿಸ್’ ಕಥೆಗಳಿಗೆ ಚಿತ್ರ ಬರೆದು ಪ್ರಸಿದ್ಧನಾದ ಜಾನ್ ಟೆನಿಯಲ್ 1901ರಲ್ಲಿ ನಿವೃತ್ತನಾದಾಗ ‘ಪಂಚ್’ನ ಮುಖ್ಯ ಚಿತ್ರಗಾರನ ಪೀಠ ಸ್ಯಾಂಬೋರ್ನನಿಗೆ ಬಂತು.

ಗೃಹಪ್ರವೇಶ

ಆದರೆ ಮನೆಯ ಕಥೆ ಆ ಕೀರ್ತಿಗಿಂತ ಹಿಂದಿನದು. 1874ರ ಅಕ್ಟೋಬರಿನಲ್ಲಿ ಸ್ಯಾಂಬೋರ್ನ್ ಮೇರಿಯನ್ ಹೆರಾಪಾತ್ ಎಂಬಾಕೆಯನ್ನು ಮದುವೆಯಾದ. ಆಕೆ ಅನುಕೂಲಸ್ಥನಾದ ಷೇರು ದಲ್ಲಾಳಿಯೊಬ್ಬನ ಮಗಳು. ಮಾರನೆಯ ವರ್ಷ ಗಂಡಹೆಂಡಿರು ಸ್ಟಾಫರ್ಡ್ ಟೆರೇಸಿನ ಹದಿನೆಂಟನೆಯ ಮನೆಯನ್ನು ಹೊಕ್ಕರು. ಯಜಮಾನನಿಗೆ ಆಗ ಮೂವತ್ತೊಂದು ವರ್ಷ. ಅದೇ ವರ್ಷ ಮಗಳು ಮಾಡ್ ಹುಟ್ಟಿದಳು. 1878ರಲ್ಲಿ ಮಗ ರಾಯ್ ಹುಟ್ಟಿದ.

ಆ ನೆರೆಹೊರೆ ಆಗ ಚಿತ್ರಕಾರರ ನೆಲೆವೀಡು. ನಡೆದು ಹೋಗುವಷ್ಟು ದೂರದಲ್ಲಿ ಫ್ರೆಡರಿಕ್ ಲೇಟನ್ ಎಂಬ ಮಹಾಚಿತ್ರಕಾರ ಅರಬ್ಬೀ ಹಂಚುಗಳ ಅಂಗಳವಿದ್ದ ಅರಮನೆಯಂಥ ಮನೆ ಕಟ್ಟಿಸಿಕೊಂಡಿದ್ದ. ಸ್ಯಾಂಬೋರ್ನನದು ಅಂಥ ಸಂಪಾದನೆಯಲ್ಲ. ವಾರವಾರ ಚಿತ್ರ ಬರೆದು ಹೊಟ್ಟೆ ಹೊರೆಯುವವನು ದೊಡ್ಡವರ ನಡುವೆ ಬಾಳಬೇಕಾದರೆ ಬುದ್ಧಿ ಓಡಿಸಬೇಕು. ಆತ ತನ್ನ ಸಾಧಾರಣ ಸಾಲುಮನೆಯನ್ನೇ ಒಳಗಿನಿಂದ ಕಲಾವಿದನ ಮನೆಯನ್ನಾಗಿ ಮಾಡಲು ಹೊರಟ. ಗೋಡೆಗಳಿಗೆ ಆಗ ಹೊಸದಾಗಿ ಹೆಸರಾಗುತ್ತಿದ್ದ ವಿಲಿಯಂ ಮಾರಿಸ್‌ನ ಹೂಬಳ್ಳಿಗಳ ಕಾಗದ ಬಂತು. ಕಿಟಕಿಗಳಿಗೆ ಬಣ್ಣದ ಗಾಜು ಬಂತು. ಗೋಡೆಯ ಮೇಲುಭಾಗದ ಹಲಗೆಯ ಮೇಲೆ ನೀಲಿ ಬಿಳಿ ಬಣ್ಣದ ಪಿಂಗಾಣಿ ತಟ್ಟೆಗಳು ಸಾಲಾಗಿ ಕುಳಿತುವು. ಕಿಟಕಿಗೆ ಹೊಂದಿಸಿದ ಗಾಜಿನ ಗೂಡಿನಲ್ಲಿ ಜರೀಗಿಡಗಳು ಬೆಳೆದುವು.

ಮೊದಲ ಮಹಡಿಯ ಹಜಾರ ಬೀದಿಯ ಕಡೆಯಿಂದ ಹಿತ್ತಿಲ ಕಡೆಯವರೆಗೆ ಒಂದೇ ಉದ್ದಕ್ಕೆ ಚಾಚಿದೆ. ಅಲ್ಲಿ ಫ್ರೆಂಚ್ ಮಾದರಿಯ ಕುರ್ಚಿ ಮೇಜುಗಳು, ಗಡಿಯಾರಗಳು, ಕಂಚಿನ ಬೊಂಬೆಗಳು, ಹೂಜಿಗಳು, ಗೋಡೆ ಕಾಣದಂತೆ ಚೌಕಟ್ಟಿಗೆ ಚೌಕಟ್ಟು ತಾಗಿದ ಚಿತ್ರಗಳು. ಬರಿದಾದ ಜಾಗವನ್ನು ಕಂಡರೆ ಆ ಕಾಲದವರಿಗೆ ಸಂಕಟವಾಗುತ್ತಿತ್ತೋ ಏನೋ! ಈ ಹಜಾರದ ಹಿಂಬದಿಯ ಕಿಟಕಿಯ ಬಳಿಯಲ್ಲೇ ಯಜಮಾನನ ಚಿತ್ರಫಲಕ ನಿಲ್ಲುತ್ತಿತ್ತು. ಬಹುಕಾಲದವರೆಗೆ ಆತನಿಗೆ ಬೇರೆ ಚಿತ್ರಶಾಲೆ ಇರಲಿಲ್ಲ. ಹೆಂಡತಿಯ ಅತಿಥಿಗಳು ಚಹಾ ಕುಡಿಯುತ್ತಿದ್ದ ಕೋಣೆಯಲ್ಲಿಯೇ ಸಾಮ್ರಾಜ್ಯದ ರಾಜಕೀಯ ಗೆರೆಗೆ ಇಳಿಯುತ್ತಿತ್ತು. ಮಕ್ಕಳು ದೊಡ್ಡವರಾದ ಮೇಲೆ ಮೇಲಂತಸ್ತಿನ ಮಕ್ಕಳ ಕೋಣೆ ಚಿತ್ರಶಾಲೆಯಾಯಿತು.

ಈ ವೈಭವದ ಹಿಂದೆ ಲೆಕ್ಕಾಚಾರವೂ ಇತ್ತು. ಕೆಲವು ವರ್ಷಗಳಾದ ಮೇಲೆ ಸ್ಯಾಂಬೋರ್ನ್ ದಂಪತಿಗಳು ಗೋಡೆಗೆ ಉಬ್ಬುಚಿತ್ತಾರದ, ಚಿನ್ನದ ಮೆರುಗಿನ, ಚರ್ಮದಂತೆ ಕಾಣುವ ಹೊಸ ಕಾಗದವನ್ನು ಹಚ್ಚಿಸಿದರು. ಅದರ ಬೆಲೆ ವಿಪರೀತ. ಚಿತ್ರಗಳು ತೂಗುವ ಜಾಗದಲ್ಲಿ ಹೇಗೂ ಗೋಡೆ ಕಾಣದಷ್ಟೆ? ಆದ್ದರಿಂದ ಚಿತ್ರಗಳ ಸುತ್ತಲೂ ಕಾಣುವಷ್ಟಕ್ಕೆ ಮಾತ್ರ ಹೊಸ ಕಾಗದ ಹಚ್ಚಿ, ಚೌಕಟ್ಟುಗಳ ಹಿಂದೆ ಹಳೆಯದನ್ನೇ ಬಿಟ್ಟರು. ಆ ಮಿತವ್ಯಯದ ಫಲವಾಗಿ ಮೊದಲಿನ ಮಾರಿಸ್ ಕಾಗದ ಚಿತ್ರಗಳ ಬೆನ್ನ ಹಿಂದೆ ಬೆಳಕು ತಾಗದೆ, ಬಣ್ಣ ಮಾಸದೆ ಉಳಿದುಕೊಂಡಿತು. ಜೋಪಾನ ಮಾಡಬೇಕೆಂದು ಯಾರೂ ಅದನ್ನು ಜೋಪಾನ ಮಾಡಲಿಲ್ಲ. ಈ ಮನೆಯ ಮುಂದಿನ ಚರಿತ್ರೆಗೆ ಇದೇ ಮುನ್ನುಡಿ ಎನ್ನಬಹುದು.

ಸ್ನಾನದ ತೊಟ್ಟಿಯಲ್ಲಿ ಛಾಯಾಚಿತ್ರ

ಯಂತ್ರದ ಕಾರ್ಖಾನೆಯಲ್ಲಿ ಪಳಗಿದ ಕೈಗೆ ಅಂದಾಜಿನ ಗೆರೆ ಒಗ್ಗದು. ಸೈನಿಕನ ಅಂಗಿಯ ಗುಂಡಿ ಎಲ್ಲಿರಬೇಕೋ ಅಲ್ಲಿಯೇ ಇರಬೇಕು; ಕುದುರೆಯ ಜೀನಿನ ಪಟ್ಟಿ ಸುತ್ತಬೇಕಾದಂತೆಯೇ ಸುತ್ತಬೇಕು. ಎರಡು ದಿನದ ಗಡುವಿನಲ್ಲಿ ಅದನ್ನೆಲ್ಲ ಹುಡುಕುವುದು ಹೇಗೆ? 1880ರ ದಶಕದಲ್ಲಿ ಸ್ಯಾಂಬೋರ್ನನಿಗೆ ಛಾಯಾಚಿತ್ರಣ ವರವಾಗಿ ಒದಗಿತು. ಹಿತ್ತಿಲ ಪುಟ್ಟ ಅಂಗಳ ರಂಗಸ್ಥಳವಾಯಿತು. ಇಂದು ಯಜಮಾನನೇ ಹೊದಿಕೆ ಹೊದ್ದು ರೋಮನ್ ಸೇನಾನಿ. ನಾಳೆ ಕುದುರೆಯಾಳು ರಾಜಕಾರಣಿ. ಹೆಂಡತಿ, ಮಕ್ಕಳು, ಸೇವಕಿಯರು, ಊಟಕ್ಕೆ ಬಂದ ಗೆಳೆಯರು — ಯಾರಿಗೂ ವಿನಾಯಿತಿ ಇರಲಿಲ್ಲ. ತೆಗೆದ ಚಿತ್ರಗಳನ್ನು ತೊಳೆಯಲು ಮನೆಯ ಅಮೃತಶಿಲೆಯ ಸ್ನಾನದ ತೊಟ್ಟಿಯೇ ಒದಗಿತು. ಮುದ್ರಣಕ್ಕೆ ಅಗ್ಗವೂ ಸುಲಭವೂ ಆದ ನೀಲಿ ಕಾಗದ. ಸ್ನಾನದ ಕೋಣೆಯ ಗೋಡೆಗಳ ತುಂಬ ಆತನ ಛಾಯಾಚಿತ್ರಗಳು ಇಂದಿಗೂ ತೂಗುತ್ತಿವೆ.

ಆತ ಬಿಟ್ಟುಹೋದ ಛಾಯಾಚಿತ್ರಗಳ ರಾಶಿ ಹತ್ತಾರು ಸಾವಿರದ್ದು. ಆ ರಾಶಿಯಲ್ಲಿ ಎಲ್ಲವೂ ಮೆಚ್ಚತಕ್ಕದ್ದಲ್ಲ. ಇಳಿವಯಸ್ಸಿನಲ್ಲಿ ಆತ ಮರೆಮಾಡಿದ ಕ್ಯಾಮೆರಾ ಹಿಡಿದು ಕೆನ್ಸಿಂಗ್‌ಟನ್ನಿನ ಬೀದಿಗಳಲ್ಲಿ ನಡೆದು ಹೋಗುವ ಹೆಂಗಸರ ಚಿತ್ರಗಳನ್ನು ಅವರಿಗೆ ತಿಳಿಯದಂತೆ ತೆಗೆಯುತ್ತಿದ್ದ. ಹೆಂಡತಿ ಊರಿನಲ್ಲಿಲ್ಲದಾಗ ನಗ್ನಚಿತ್ರಗಳಿಗೆ ರೂಪದರ್ಶಿಯರನ್ನು ಕರೆಸುತ್ತಿದ್ದುದೂ ಉಂಟು. ಕಲಾಭ್ಯಾಸವೆಂಬ ಹೆಸರಿನಲ್ಲಿ ನಡೆದುದೆಲ್ಲ ಕಲೆಯೇ ಅಲ್ಲ. ಮನೆಯನ್ನು ಇದ್ದಂತೆ ಉಳಿಸುವುದೆಂದರೆ ಮನೆಯವನನ್ನೂ ಇದ್ದಂತೆ ಉಳಿಸುವುದೇ ಸರಿ. ಹಾಗೆಂದೇ ಆ ಚಿತ್ರಗಳೂ ಭದ್ರವಾಗಿವೆ. ಅವುಗಳ ಕುರಿತು ವಿದ್ವಾಂಸರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಗೃಹಿಣಿಯ ದಿನಚರಿ

ಯಜಮಾನ ಚಿತ್ರ ಬರೆಯುತ್ತಿದ್ದಾಗ ಯಜಮಾನಿತಿ ಏನು ಮಾಡುತ್ತಿದ್ದಳು? ದಿನಚರಿ ಬರೆಯುತ್ತಿದ್ದಳು. 1881ರಿಂದ ತಾನು ತೀರಿಕೊಂಡ 1914ರವರೆಗೆ ಮೇರಿಯನ್ ದಿನಚರಿ ಬರೆದಳು. ಯಾರು ಊಟಕ್ಕೆ ಬಂದರು, ಏನು ಬಡಿಸಿತು. ಯಾವ ಅಂಗಡಿಯಿಂದ ಏನು ತರಿಸಿತು. ಮಗುವಿಗೆ ಜ್ವರ ಬಂತು, ತನಗೆ ತಲೆನೋವು ಬಂತು. ಅಡುಗೆಯವಳು ಕೆಲಸ ಬಿಟ್ಟಳು, ಹೊಸಬಳು ಬಂದಳು. ಇವೇ ಅದರ ವಸ್ತು. ಸಾಹಿತ್ಯದ ಸೊಗಸಿಗೆ ಆಕೆ ಎಂದೂ ಕೈಹಾಕಲಿಲ್ಲ. ತನ್ನ ಬರೆಹವನ್ನು ಮತ್ತೊಬ್ಬರು ಓದಿಯಾರೆಂಬ ಎಣಿಕೆಯೂ ಆ ಸಾಲುಗಳಲ್ಲಿ ಕಾಣುವುದಿಲ್ಲ.

ಆದರೆ ಇತಿಹಾಸಕಾರರ ಪಾಲಿಗೆ ಆ ದಿನಚರಿ ನಿಧಿಯಾಯಿತು. ರಾಜರ ಯುದ್ಧಗಳನ್ನು ಬರೆದಿಟ್ಟ ಪುಸ್ತಕಗಳು ಬೇಕಾದಷ್ಟಿವೆ. ಒಂದು ಸಂಸಾರದ ಸೋಮವಾರ ಹೇಗಿತ್ತು ಎಂಬುದನ್ನು ಬರೆದಿಟ್ಟವರು ಕಡಮೆ. 1877ರಲ್ಲಿ ಮಾಡಿಸಿದ ಮನೆಸಾಮಾನಿನ ಪಟ್ಟಿಯೊಂದೂ ಉಳಿದಿದೆ. ಗಂಡನೂ 1882ರಿಂದ ದಿನಚರಿ ಇಡುತ್ತಿದ್ದ. ಪಟ್ಟಿಯನ್ನೂ ಎರಡು ದಿನಚರಿಗಳನ್ನೂ ಜೊತೆಗಿಟ್ಟು ನೋಡಿದರೆ, ಯಾವ ಕುರ್ಚಿ ಯಾವ ಮೂಲೆಯಲ್ಲಿತ್ತು, ಅದರಲ್ಲಿ ಯಾರು ಕುಳಿತಿದ್ದರು, ಅಂದು ಏನು ಉಂಡರು ಎಂಬುದರವರೆಗೆ ತಿಳಿಯುತ್ತದೆ. ಈ ದಿನಚರಿಗಳನ್ನು ಆಧರಿಸಿ ಷರ್ಲಿ ನಿಕಲ್ಸನ್ 1988ರಲ್ಲಿ ಪ್ರಕಟಿಸಿದ ಪುಸ್ತಕ ವಿಕ್ಟೋರಿಯನ್ ಸಂಸಾರವೊಂದರ ಒಳಗನ್ನು ತೆರೆದು ತೋರಿಸಿತು.

ಅದೇ ದಿನಚರಿ ಇನ್ನೊಂದು ಸತ್ಯವನ್ನೂ ಹೊರಗೆಡಹುತ್ತದೆ. ಇಷ್ಟು ಸಾಮಾನು ತುಂಬಿದ ಮನೆ ತಾನಾಗಿ ಹೊಳೆಯಲಿಲ್ಲ. ಲಂಡನ್ನಿನ ಮನೆಮನೆಯ ಅಗ್ಗಿಷ್ಟಿಕೆಯಿಂದಲೂ ಕಲ್ಲಿದ್ದಲ ಹೊಗೆ ಏಳುತ್ತಿದ್ದ ಕಾಲ ಅದು. ಕಿಟಕಿ ಮುಚ್ಚಿದ್ದರೂ ಮಸಿ ಒಳಗೆ ನುಗ್ಗುತ್ತಿತ್ತು. ಪ್ರತಿ ತಟ್ಟೆ, ಪ್ರತಿ ಬೊಂಬೆ, ಪ್ರತಿ ಚೌಕಟ್ಟನ್ನೂ ಒರಸಬೇಕು. ನೆಲಮಾಳಿಗೆಯ ಅಡುಗೆಮನೆಯಿಂದ ಬಿಸಿನೀರನ್ನೂ ಕಲ್ಲಿದ್ದಲನ್ನೂ ಹೊತ್ತು ಮಹಡಿಯ ಮೇಲೆ ಮಹಡಿ ಏರಬೇಕು. ಅಡುಗೆಯವಳು, ಬಡಿಸುವವಳು, ಮನೆಗೆಲಸದವಳು, ಮಕ್ಕಳು ಚಿಕ್ಕವರಿದ್ದಾಗ ದಾದಿ — ಮನೆ ನಿಂತಿದ್ದುದು ಇವರ ಬೆನ್ನಿನ ಮೇಲೆ. ಬೆಳಗಾಗುವ ಮೊದಲೇ ಎದ್ದು, ಎಲ್ಲರೂ ಮಲಗಿದ ಮೇಲೆ ಮೇಲಂತಸ್ತಿನ ಕೋಣೆಗೆ ಹತ್ತಿ ಮಲಗುತ್ತಿದ್ದ ಈ ಹೆಣ್ಣುಮಕ್ಕಳು ದಿನಚರಿ ಬರೆಯಲಿಲ್ಲ. ಒಡತಿಯ ದಿನಚರಿಯಲ್ಲಿ ದೂರಿನ ಸಾಲುಗಳಾಗಿ, ಒಡೆಯನ ಛಾಯಾಚಿತ್ರಗಳಲ್ಲಿ ವೇಷ ಧರಿಸಿದ ಮುಖಗಳಾಗಿ ಅವರು ಉಳಿದಿದ್ದಾರೆ. ಬೇರೆ ಮನೆಗಳ ಸೇವಕಿಯರಿಗೆ ಅಷ್ಟೂ ದೊರೆಯಲಿಲ್ಲ.

ಏನನ್ನೂ ಬದಲಿಸದ ಮಗ

1910ರ ಆಗಸ್ಟಿನಲ್ಲಿ ಸ್ಯಾಂಬೋರ್ನ್ ತೀರಿಕೊಂಡ. ನಾಲ್ಕು ವರ್ಷಗಳ ಮೇಲೆ ಮೇರಿಯನ್ ಹೋದಳು. ಮಗಳು ಮಾಡ್ 1898ರಲ್ಲಿಯೇ ಲೆನರ್ಡ್ ಮೆಸೆಲ್ ಎಂಬ ಸಿರಿವಂತನನ್ನು ಮದುವೆಯಾಗಿ ಹೋಗಿದ್ದಳು. ಮನೆ ಮಗನ ಪಾಲಿಗೆ ಬಂತು. ಮನೆ ಹಾಳಾಗುವುದೂ ಉಳಿಯುವುದೂ ಸಾಮಾನ್ಯವಾಗಿ ತೀರ್ಮಾನವಾಗುವುದು ಇಂಥ ಹೊತ್ತಿನಲ್ಲಿ.

ರಾಯ್ ಸ್ಯಾಂಬೋರ್ನ್ ಕಡೆಯವರೆಗೂ ಬ್ರಹ್ಮಚಾರಿ. ಓದಿದ್ದು ಈಟನ್ನಿನಂಥ ದೊಡ್ಡ ಶಾಲೆಯಲ್ಲಿ. ಹಿಡಿದ ಷೇರು ವ್ಯಾಪಾರದಲ್ಲಿ ಮನಸ್ಸೂ ಇರಲಿಲ್ಲ, ಏಳಿಗೆಯೂ ಕಾಣಲಿಲ್ಲ. ಆತನ ಕೋಣೆಯಲ್ಲಿ ಯೌವನದಲ್ಲಿ ಮೆಚ್ಚಿದ ರಂಗನಟಿಯರ ಭಾವಚಿತ್ರಗಳಿವೆ. ತಂದೆಗಿದ್ದ ಹುರುಪಾಗಲಿ ತಾಯಿಗಿದ್ದ ದಕ್ಷತೆಯಾಗಲಿ ಆತನಲ್ಲಿ ಕಾಣಲಿಲ್ಲವೆಂದು ಲೋಕ ಹೇಳಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಮನೆಗೆ ಬೇಕಾಗಿದ್ದವನು ಇಂಥ ಮಗನೇ! ಹೊಸ ಸೊಸೆ ಬಂದಿದ್ದರೆ ಹಳೆಯ ಪರದೆಗಳನ್ನು ಕಿತ್ತೆಸೆಯುತ್ತಿದ್ದಳು. ಹಣ ಕೈತುಂಬ ಇದ್ದಿದ್ದರೆ ಗೋಡೆಗಳಿಗೆ ಹೊಸ ಬಣ್ಣ ಬೀಳುತ್ತಿತ್ತು. ರಾಯ್ ಮೂವತ್ತೆರಡು ವರ್ಷ ತಂದೆತಾಯಿಗಳ ಸಾಮಾನಿನ ನಡುವೆ ಒಬ್ಬನೇ ಬಾಳಿದ. ಏನನ್ನೂ ಬದಲಿಸಲಿಲ್ಲ.

ಆ ಮೂವತ್ತೆರಡು ವರ್ಷಗಳಲ್ಲಿ ಹೊರಗಿನ ಲೋಕ ಎರಡು ಸಲ ಬುಡಮೇಲಾಯಿತು. ಎರಡನೆಯ ಮಹಾಯುದ್ಧದಲ್ಲಿ, 1940ರ ಸೆಪ್ಟೆಂಬರಿನ ಒಂದು ರಾತ್ರಿ, ಅನತಿ ದೂರದಲ್ಲಿದ್ದ ಹಾಲೆಂಡ್ ಹೌಸ್ ಎಂಬ ಪ್ರಾಚೀನ ಶ್ರೀಮಂತ ಭವನ ಬಾಂಬುಗಳ ಬೆಂಕಿಗೆ ಆಹುತಿಯಾಯಿತು. ಹದಿನೆಂಟನೆಯ ನಂಬರಿನ ಪಿಂಗಾಣಿ ತಟ್ಟೆಗಳು ಹಲಗೆಯ ಮೇಲೆ ಇದ್ದಂತೆಯೇ ಇದ್ದುವು.

ಮೊಮ್ಮಗಳ ಮಮತೆ

1946ರಲ್ಲಿ ರಾಯ್ ತೀರಿಕೊಂಡಾಗ ಮನೆಗೆ ನಿಜವಾದ ಗಂಡಾಂತರ ಒದಗಿತು. ಬಾಂಬಿಗಿಂತಲೂ ಬಲವಾದ ಶತ್ರುವೊಂದು ಆಗ ಲಂಡನ್ನಿನಲ್ಲಿತ್ತು, ಅದು ಅಭಿರುಚಿ. ‘ವಿಕ್ಟೋರಿಯನ್’ ಎಂಬುದು ಆಗ ಬಯ್ಗುಳದ ಮಾತು. ಅಜ್ಜಂದಿರ ಕಾಲದ ಕಟ್ಟಡಗಳು ವಿಕಾರ, ಅವರ ಪೀಠೋಪಕರಣಗಳು ಹಾಸ್ಯಾಸ್ಪದ ಎಂದು ತಿಳಿದವರು ನಿರ್ಣಯಿಸಿದ್ದರು. ದೊಡ್ಡ ಸಾಲುಮನೆಗಳನ್ನು ಕೊಯ್ದು ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಡುತ್ತಿದ್ದರು. ಸೇವಕಿಯರು ಸಿಗುವ ಕಾಲವೂ ಮುಗಿದಿತ್ತು.

ಮನೆ ಈಗ ಅಕ್ಕ ಮಾಡ್‌ಳದಾಯಿತು. ಅದನ್ನು ಇದ್ದಂತೆ ಉಳಿಸಿಕೊಳ್ಳಲು ಮುಂದಾದವಳು ಆಕೆಯ ಮಗಳು ಆನ್. 1902ರಲ್ಲಿ ಹುಟ್ಟಿದ ಆನ್ ಚಿಕ್ಕಂದಿನಲ್ಲಿ ಅಜ್ಜ ಅಜ್ಜಿಯರ ಆ ಮನೆಯನ್ನು ಕಂಡವಳು. ಐರ್ಲೆಂಡಿನ ರಾಸ್ ಪ್ರಭುವನ್ನು ಮದುವೆಯಾಗಿ ಆಕೆ ದೊಡ್ಡ ಕೋಟೆಮನೆಯ ಒಡತಿಯಾಗಿದ್ದಳು. ಆದರೂ ಲಂಡನ್ನಿಗೆ ಬಂದಾಗ ಇಳಿದುಕೊಳ್ಳಲು ಹದಿನೆಂಟನೆಯ ನಂಬರನ್ನೇ ಇರಿಸಿಕೊಂಡಳು. 1947ರ ಚಳಿಗಾಲದಲ್ಲಿ ಸಸೆಕ್ಸ್ ಪ್ರಾಂತದಲ್ಲಿದ್ದ ಆಕೆಯ ತವರುಮನೆ ನೈಮನ್ಸ್ ಬೆಂಕಿಗೆ ಸಿಕ್ಕಿ ಬಹುಭಾಗ ಸುಟ್ಟುಹೋಯಿತು. ಅಜ್ಜಿಯ ಮನೆಯ ಬೆಲೆ ಅಂದಿನಿಂದ ಆ ಕುಟುಂಬಕ್ಕೆ ಇನ್ನಷ್ಟು ತಿಳಿದಿರಬೇಕು.

ಅಲ್ಲಲ್ಲಿ ಕೊಂಚ ತನ್ನ ಅನುಕೂಲ ಮಾಡಿಕೊಂಡದ್ದು ಬಿಟ್ಟರೆ ಆನ್ ಮನೆಯ ಸ್ವರೂಪವನ್ನು ಕೆಡಿಸಲಿಲ್ಲ. ಅದಕ್ಕಿಂತ ಮುಖ್ಯವಾಗಿ, ತನಗೆ ಹಿಡಿಸಿದ್ದು ಇತರರಿಗೂ ಹಿಡಿಸುವಂತೆ ಮಾಡಿದಳು. 1957ರ ನವೆಂಬರಿನಲ್ಲಿ ಆಕೆ ಕೆಲವು ಗೆಳೆಯರನ್ನು ಆ ಹಜಾರಕ್ಕೆ ಕರೆದಳು. ಕವಿ ಜಾನ್ ಬೆಟ್ಜೆಮನ್ ಮೊದಲಾದವರ ಆಸಕ್ತಿಯಿಂದ ಅಲ್ಲಿ ಮೊಳೆತ ವಿಚಾರ ಮರುವರ್ಷವೇ ‘ವಿಕ್ಟೋರಿಯನ್ ಸೊಸೈಟಿ’ ಎಂಬ ಸಂಸ್ಥೆಯಾಗಿ ರೂಪುಗೊಂಡಿತು. ಜನ ಹೀಗಳೆಯುತ್ತಿದ್ದ ಒಂದು ಯುಗದ ಕಟ್ಟಡಗಳನ್ನು ಉಳಿಸುವುದೇ ಅದರ ಗುರಿ. ಕಲೆಯ ಇತಿಹಾಸವನ್ನು ಅರೆದು ಕುಡಿದಿದ್ದ ನಿಕೊಲಸ್ ಪೆವ್ಸ್‌ನರ್ ಮುಂದೆ ಅದರ ಅಧ್ಯಕ್ಷನಾದ.

ಆ ಸಂಸ್ಥೆ ಆರಂಭದಲ್ಲಿಯೇ ದೊಡ್ಡ ಸೋಲುಂಡಿತು. ಯೂಸ್ಟನ್ ರೈಲು ನಿಲ್ದಾಣದ ಭವ್ಯ ಕಲ್ಲಿನ ಮಹಾದ್ವಾರವನ್ನು ಎಷ್ಟು ಬೇಡಿಕೊಂಡರೂ ಕೇಳದೆ 1961-62ರಲ್ಲಿ ಕೆಡವಿದರು. 1962ರಲ್ಲಿ ಕಲ್ಲಿದ್ದಲ ವಿನಿಮಯ ಭವನವೂ ನೆಲಸಮವಾಯಿತು. ಆದರೆ ಆ ನಷ್ಟಗಳು ಜನರ ಕಣ್ಣು ತೆರೆಸಿದುವು. ಯೂಸ್ಟನ್ನಿಗೆ ಹತ್ತಿರದಲ್ಲೇ ಇದ್ದ ಸೇಂಟ್ ಪ್ಯಾಂಕ್ರಸ್ ನಿಲ್ದಾಣಕ್ಕೂ ಅದರ ಕೆಂಪು ಇಟ್ಟಿಗೆಯ ಹೋಟೆಲಿಗೂ ಅದೇ ಗತಿ ಬರುವುದರಲ್ಲಿತ್ತು. 1967ರಲ್ಲಿ ಅವುಗಳಿಗೆ ಅತ್ಯುನ್ನತ ದರ್ಜೆಯ ಕಾನೂನು ರಕ್ಷಣೆ ದೊರೆಯಿತು. ಇಂದು ಪ್ಯಾರಿಸಿನಿಂದ ರೈಲಿನಲ್ಲಿ ಲಂಡನ್ನಿಗೆ ಬರುವವರು ಇಳಿಯುವುದು ಅಲ್ಲಿಯೇ. ವ್ಯಂಗ್ಯಚಿತ್ರಗಾರನೊಬ್ಬನ ಹಜಾರದಲ್ಲಿ ನಡೆದ ಮಾತುಕತೆಯ ಫಲ ಆ ಗೋಪುರಗಳವರೆಗೂ ಮುಟ್ಟಿತೆಂದರೆ ಉತ್ಪ್ರೇಕ್ಷೆಯಲ್ಲ.

ಇನ್ನೊಂದು ಸ್ವಾರಸ್ಯ. ಆನಳ ಮೊದಲ ಮದುವೆಯ ಮಗ ಆಂಟನಿ ಆರ್ಮ್‌ಸ್ಟ್ರಾಂಗ್ ಜೋನ್ಸ್ ಹೆಸರಾಂತ ಛಾಯಾಚಿತ್ರಕಾರನಾದ. 1960ರಲ್ಲಿ ಎಲಿಜಬೆತ್ ರಾಣಿಯ ತಂಗಿ ಮಾರ್ಗರೆಟ್‌ಳನ್ನು ಮದುವೆಯಾದ ಸ್ನೋಡನ್ ಪ್ರಭು ಆತನೇ. ಮರುವರ್ಷ ದೊರೆತ ಬಿರುದುಗಳಲ್ಲಿ ಒಂದರಲ್ಲಿ ‘ಲಿನ್ಲಿ’ ಎಂಬ ಹೆಸರು ಸೇರಿತು. ಸ್ನಾನದ ತೊಟ್ಟಿಯಲ್ಲಿ ಛಾಯಾಚಿತ್ರ ತೊಳೆದವನ ಹೆಸರು ಹೀಗೆ ರಾಜವಂಶದ ಬಾಗಿಲವರೆಗೆ ನಡೆಯಿತು.

ಸಾರ್ವಜನಿಕರ ಮನೆ

1980ರಲ್ಲಿ ಆನ್ ಮನೆಯನ್ನು, ಅದರ ಸಾಮಾನುಗಳ ಸಮೇತ, ಲಂಡನ್ನಿನ ಅಂದಿನ ಆಡಳಿತ ಸಂಸ್ಥೆಯಾಗಿದ್ದ ಗ್ರೇಟರ್ ಲಂಡನ್ ಕೌನ್ಸಿಲಿಗೆ ಮಾರಿದಳು. ವಿಕ್ಟೋರಿಯನ್ ಸೊಸೈಟಿಯ ಮೇಲ್ವಿಚಾರಣೆಯಲ್ಲಿ ಬಾಗಿಲು ಜನರಿಗೆ ತೆರೆಯಿತು. 1986ರಲ್ಲಿ ಆ ಕೌನ್ಸಿಲನ್ನೇ ಸರಕಾರ ರದ್ದುಮಾಡಿತು. ಮನೆ ಮಾತ್ರ ಅಲುಗಲಿಲ್ಲ. 1989ರಲ್ಲಿ ಅದು ಕೆನ್ಸಿಂಗ್‌ಟನ್ ಮತ್ತು ಚೆಲ್ಸಿ ಪುರಸಭೆಯ ಸ್ವಾಧೀನಕ್ಕೆ ಬಂತು. ಹಿಂದೆ ಸ್ಯಾಂಬೋರ್ನ್ ಬೆರಗಿನಿಂದ ನೋಡುತ್ತಿದ್ದ ಲೇಟನ್ನನ ಅರಮನೆಯಂಥ ಮನೆಯೂ ಅದೇ ಪುರಸಭೆಯದು. ಬದುಕಿದ್ದಾಗ ಮಹಾಚಿತ್ರಕಾರನಿಗೂ ವಾರಪತ್ರಿಕೆಯ ಚಿತ್ರಗಾರನಿಗೂ ಇದ್ದ ಅಂತರ ಈಗ ಅಳಿದಿದೆ. ಎರಡು ಮನೆಗಳೂ ಜೋಡಿ ವಸ್ತುಸಂಗ್ರಹಾಲಯಗಳು. ದುರಸ್ತಿಯ ಕೆಲಸ ಮುಗಿದು 2022ರಲ್ಲಿ ಎರಡೂ ಮತ್ತೆ ತೆರೆದುವು.

ಕಾಲ ಲೆಕ್ಕ ತೀರಿಸುವ ರೀತಿ ವಿಚಿತ್ರ. ಸ್ಯಾಂಬೋರ್ನ್ ತನ್ನ ಹೆಸರು ಚಿತ್ರಗಳಿಂದ ಉಳಿದೀತೆಂದು ನಂಬಿದ್ದರೆ ಅದು ಸಹಜವೇ. ಆದರೆ ನಾಲ್ವತ್ತು ವರ್ಷ ವಾರವಾರ ಬರೆದ ಆ ಚಿತ್ರಗಳಲ್ಲಿ ಒಂದೆರಡರ ಹೊರತು ಉಳಿದುವು ಇಂದು ಟಿಪ್ಪಣಿಯಿಲ್ಲದೆ ಅರ್ಥವಾಗವು. ಅವು ಕಂಡು ನಕ್ಕ ಮಂತ್ರಿಗಳ ಹೆಸರೇ ಜನರಿಗೆ ಮರೆತುಹೋಗಿದೆ. ಉಳಿದಿರುವುದು ಆ ಚಿತ್ರಗಳಿಗೆ ಸಹಾಯಕವಾಗಲಿ ಎಂದು ತೆಗೆದ ಛಾಯಾಚಿತ್ರಗಳು. ಯಾರೂ ಓದರೆಂದು ಗೃಹಿಣಿ ಗೀಚಿದ ದಿನಚರಿ. ಹಣ ಉಳಿಸಲೆಂದು ಚೌಕಟ್ಟಿನ ಹಿಂದೆ ಬಿಟ್ಟ ಹಳೆಯ ಕಾಗದ. ಯಾವುದಕ್ಕೂ ಬಾರದವನೆಂದು ಲೋಕ ಎಣಿಸಬಹುದಾಗಿದ್ದ ಮಗ ಮುಟ್ಟದೆ ಬಿಟ್ಟ ಕೋಣೆಗಳು.

ಯಾವ ವಸ್ತು ಮುಂದಿನವರಿಗೆ ಬೇಕಾದೀತು ಎಂಬುದು ಬಾಳುತ್ತಿರುವವರಿಗೆ ತಿಳಿಯುವುದಿಲ್ಲ. ಅಜ್ಜಿಯ ಲೆಕ್ಕದ ಪುಸ್ತಕ, ಅಟ್ಟದ ಮೇಲಿನ ಹಿತ್ತಾಳೆಯ ದೀಪ, ಮಾಸಿದ ಮದುವೆಯ ಚಿತ್ರ — ಇವನ್ನು ಹೊರಗೆಸೆಯುವ ಮೊದಲು ಒಂದು ಗಳಿಗೆ ತಡೆಯುವವರು ಪ್ರತಿ ಕುಟುಂಬದಲ್ಲಿಯೂ ಒಬ್ಬರಿರಬೇಕು. ಸ್ಟಾಫರ್ಡ್ ಟೆರೇಸಿನ ಹದಿನೆಂಟನೆಯ ಮನೆಗೆ ಅಂಥವರು ಎರಡು ತಲೆಮಾರುಗಳಲ್ಲಿ ಒಬ್ಬೊಬ್ಬರಾಗಿ ದೊರೆತರು. ಒಬ್ಬ ಸುಮ್ಮನಿದ್ದು ಉಳಿಸಿದ; ಇನ್ನೊಬ್ಬಳು ಎದ್ದು ನಿಂತು ಉಳಿಸಿದಳು. ಅದೇ ಸಾಲಿನ ಉಳಿದ ಮನೆಗಳಿಗೆ ಅಂಥ ಇಬ್ಬರು ದೊರೆಯಲಿಲ್ಲ. ಅವುಗಳ ಗೋಡೆಗಳು ಇಂದಿಗೂ ನಿಂತಿವೆ. ಒಳಗೆ ಬಾಳಿದವರ ಸುದ್ದಿ ಯಾರಿಗೂ ತಿಳಿಯದು.